ಕೆಟಲಿನ ಮೂತಿ ಕಲೆಯೋ, ಎಂಜಿನಿಯರಿಂಗೋ?

ಮಾನ್ಯ ಸಂಪಾದಕರೇ,

ಉತ್ಪನ್ನ ವಿನ್ಯಾಸ ಕಲೆಗೆ ಹತ್ತಿರವೋ ಎಂಜಿನಿಯರಿಂಗಿಗೋ ಎಂಬ ಚರ್ಚೆ ಎದ್ದಾಗಲೆಲ್ಲ ನನ್ನ ಕಣ್ಣು ಅಡುಗೆಮನೆಯ ಕೆಟಲಿನತ್ತ ಹೊರಳುತ್ತದೆ. ನೋಡಲು ಹಂಸದಂತಿದೆ. ಬಗ್ಗಿಸಿದರೆ ಅರ್ಧ ನೀರು ಲೋಟಕ್ಕೆ, ಉಳಿದದ್ದು ಮೂತಿಯ ಅಡಿಗೆ ಅಂಟಿಕೊಂಡು ಮೇಜಿಗೆ! ಮೂತಿಯ ಅಂಚು ತೆಳುವಾಗಿ ಚೂಪಾಗಿದ್ದರೆ ಧಾರೆ ಅಲ್ಲೇ ಕಡಿಯುತ್ತದೆ. ದುಂಡಗಿದ್ದರೆ ನೀರು ತಿರುಗಿ ಕೆಟಲಿನ ಹೊಟ್ಟೆಯ ಮೇಲೆ ಹರಿಯುತ್ತದೆ. ಇಲ್ಲಿ ಅಂದಕ್ಕಿಂತ ದ್ರವದ ಸ್ವಭಾವದ್ದೇ ಕಾರುಬಾರು.

ಫ್ರೆಂಚ್ ವಿನ್ಯಾಸಕ ಫಿಲಿಪ್ ಸ್ಟಾರ್ಕ್ ರೂಪಿಸಿದ, 1990ರಲ್ಲಿ ಮಾರುಕಟ್ಟೆಗೆ ಬಂದ ಮೂರು ಕಾಲಿನ ನಿಂಬೆ ಹಿಂಡುವ ಸಾಧನ ವಸ್ತುಸಂಗ್ರಹಾಲಯ ಸೇರಿದೆ. ಬೀಜ ತಡೆಯುವ ಜಾಲರಿಯೊಂದು ಮಾತ್ರ ಅದರಲ್ಲಿಲ್ಲ. ಅದನ್ನು ಶಿಲ್ಪವೆಂದು ಕರೆದರೆ ನನ್ನ ತಕರಾರಿಲ್ಲ.

ಹಾಗೆಂದು ಲೆಕ್ಕಾಚಾರವೊಂದೇ ಸಾಕು ಎನ್ನಲಾರೆ. ಪೀಠೋಪಕರಣ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗಾಗಿ, ಗಾಯಗೊಂಡ ಕಾಲಿಗೆ ಕಟ್ಟುವ ಆಸರೆಯನ್ನು ಪ್ಲೈವುಡ್ ಬಾಗಿಸಿ ತಯಾರಿಸಿದರು. ಅದೇ ತಂತ್ರ ಮುಂದೆ ಅವರ ಕುರ್ಚಿಗಳಿಗೆ ಒದಗಿತು. ರೇ ಚಿತ್ರಕಲೆ ಕಲಿತವರು; ಬಾಗು ಎಲ್ಲಿ ನಿಂತರೆ ಚೆಂದ ಎಂಬುದನ್ನು ಅಂಟು, ಶಾಖಗಳ ಲೆಕ್ಕವೊಂದೇ ಹೇಳಿರಲಾರದು.

ನನ್ನ ಮತ ಎಂಜಿನಿಯರಿಂಗಿಗೆ, ಅದೂ ಅಲ್ಪ ಅಂತರದಿಂದ. ಸದ್ಯಕ್ಕೆ ಕೆಟಲಿನ ಕೆಳಗೊಂದು ಬಟ್ಟೆ ಹಾಸಿಟ್ಟಿದ್ದೇನೆ.

– ಒಬ್ಬ ಓದುಗ