ಎಂಜಿನ್ ಜತೆಗೆ ಟೆಂಡರನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬ್ರಿಟಿಷರ ಕಾಲದ ಉಗಿ ಎಂಜಿನ್‌ಗಳ ಬಗ್ಗೆ ಬಂದ ಲೇಖನ ಓದಿ ಖುಷಿಯಾಯ್ತು. ಆದರೆ ಬೇಜಾರೂ ಆಯ್ತು. ಹಾಕಿದ್ದ ಫೋಟೋಗಳಲ್ಲಿ ಒಂದರಲ್ಲೂ ಟೆಂಡರ್, ಅಂದ್ರೆ ಎಂಜಿನ್ ಹಿಂದೆ ಜೋಡಿಸುವ ಗಾಡಿ, ಪೂರ್ತಿ ಇಲ್ಲ. ಚಿಮಣಿ ಇದೆ, ದೊಡ್ಡ ಚಕ್ರಗಳಿವೆ, ಡ್ರೈವರ್ ನಿಲ್ಲುವ ಜಾಗ ಬರುತ್ತಿದ್ದ ಹಾಗೇ ಚಿತ್ರ ಕತ್ತರಿಸಿಬಿಟ್ಟಿದ್ದೀರಿ. ಅದರ ಹಿಂದೆ ಕಲ್ಲಿದ್ದಲು, ನೀರು ಹೊತ್ತು ಬರುವ ಗಾಡಿ ಇಲ್ಲದಿದ್ದರೆ ಆ ಎಂಜಿನ್ ಎಷ್ಟು ದೂರ ಹೋಗುತ್ತಿತ್ತು ಹೇಳಿ?

ಟೆಂಡರ್ ಅಂದ್ರೆ ಕಲ್ಲಿದ್ದಲ ಡಬ್ಬಿ ಅಂತ ಸುಮಾರು ಜನ ತಿಳಿದಿದ್ದಾರೆ. ಅದರಲ್ಲಿ ಜಾಸ್ತಿ ಭಾರ ನೀರಿನದು. ಒಂದು ಬ್ರಿಟಿಷ್ ಗ್ಯಾಲನ್ ನೀರು 10 ಪೌಂಡ್ ತೂಗುತ್ತದೆ, ಅಂದ್ರೆ 3,000 ಗ್ಯಾಲನ್ ಹಿಡಿಯುವ ಟೆಂಡರಿನಲ್ಲಿ ನೀರೊಂದೇ 13 ಟನ್ ದಾಟುತ್ತದೆ. ತೊಟ್ಟಿ ಸಾಮಾನ್ಯವಾಗಿ ಕುದುರೆ ಲಾಳದ ಆಕಾರ, ನಡುವೆ ಮುಂದಕ್ಕೆ ಇಳಿಜಾರಾದ ಜಾಗದಲ್ಲಿ ಕಲ್ಲಿದ್ದಲು. ಒಳಗೆ ಅಡ್ಡ ತಗಡುಗಳಿರುತ್ತವೆ, ಬ್ರೇಕ್ ಹಾಕಿದಾಗ ಅಷ್ಟೂ ನೀರು ಒಮ್ಮೆಗೇ ಮುಂದಕ್ಕೆ ನುಗ್ಗಬಾರದಲ್ವಾ. ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಪಾಡು ಕೇಳಲೇಬೇಡಿ. ಎಂಜಿನ್ ಒಂದು ಕಡೆ ಕುಲುಕುತ್ತದೆ, ಟೆಂಡರ್ ಇನ್ನೊಂದು ಕಡೆ. ಅವೆರಡರ ನಡುವಿನ ಅಲುಗಾಡುವ ತಗಡಿನ ಮೇಲೆ ಕಾಲೂರಿ, ತಿರುಗಿ ತಿರುಗಿ ಸಲಿಕೆ ಹಾಕಬೇಕು. ಮುಂದಿನ ಕಲ್ಲಿದ್ದಲು ಮುಗಿದ ಮೇಲೆ ಹಿಂದಿನದನ್ನು ಎಳೆದು ತರಬೇಕು. ನೀರು ಮುಗಿಯುವವರೆಗೆ ಮೈಮರೆತರೆ ಬಾಯ್ಲರ್ ಸಿಡಿಯುವ ಅಪಾಯ.

ರಾಣಿಗಂಜ್, ಝರಿಯಾ ಕಲ್ಲಿದ್ದಲು ಗಣಿಗಳು ನಮ್ಮ ದಕ್ಷಿಣಕ್ಕೆ ಬಲು ದೂರ. ಅದಕ್ಕೇ ಮೊದಮೊದಲು ಈ ಕಡೆ ಸೌದೆಯನ್ನೂ ಉರಿಸುತ್ತಿದ್ದರು. ಮದ್ರಾಸ್ ಕಡೆ ಸರ್ವೆ ತೋಪುಗಳನ್ನು ಬೆಳೆಸಿದ್ದೂ ರೈಲಿನ ಸೌದೆಗಾಗಿ. ಒಂದು ಊರಿನ ಕಾಡಿನ ಕಥೆ ಕೂಡ ಟೆಂಡರಿನಲ್ಲಿ ತುಂಬಿಕೊಂಡು ಹೋಗಿದೆ.

1908ರಲ್ಲಿ ಮದ್ರಾಸ್ ರೈಲ್ವೆ ಮತ್ತು ಸದರ್ನ್ ಮರಾಠಾ ರೈಲ್ವೆ ಸೇರಿ ಎಂ ಅಂಡ್ ಎಸ್‌ಎಂ (ಮದ್ರಾಸ್ ಅಂಡ್ ಸದರ್ನ್ ಮರಾಠಾ) ರೈಲ್ವೆ ಆಯಿತು, ಹುಬ್ಬಳ್ಳಿ ವರ್ಕ್‌ಶಾಪ್ ಆಗ ಅದರದ್ದೇ ಆಗಿತ್ತು. ಆ ಕಾಲದಲ್ಲಿ ಕಂಪನಿಯ ಹೆಸರಿನ ಅಕ್ಷರಗಳನ್ನು ಬರೆಯಲು ಟೆಂಡರಿನ ಪಕ್ಕದಷ್ಟು ಅಗಲವಾದ ಜಾಗ ಬೇರೆ ಇರಲಿಲ್ಲ. ಫೋಟೋ ಕತ್ತರಿಸಿದರೆ ಹೆಸರೂ ಹೋಯ್ತು.

ಪ್ರದರ್ಶನಕ್ಕಿಟ್ಟ ಒಂದು ಎಂಜಿನ್ ನೋಡಿ ನನಗೆ ನಿಜಕ್ಕೂ ಸಂಕಟವಾಯ್ತು. ಮುಂಭಾಗಕ್ಕೆ ಹೊಳೆಯುವ ಕಪ್ಪು ಬಣ್ಣ, ಹಿಂದೆ ಟೆಂಡರಿನ ತಳಕ್ಕೆ ತುಕ್ಕು ಹಿಡಿದು ಬೆರಳು ತೂರುವಷ್ಟು ತೂತು. ಕಲ್ಲಿದ್ದಲ ಜಾಗದಲ್ಲಿ ಮಳೆ ನೀರು ನಿಂತು ಅರಳಿ ಸಸಿ ಎದ್ದಿತ್ತು. ಸಸಿ ಕಿತ್ತು, ನೀರು ಹರಿದು ಹೋಗಲು ದಾರಿ ಮಾಡಿ, ಒಂದು ಕೋಟ್ ಬಣ್ಣ ಬಳಿದರೆ ಸಾಕು, ಇನ್ನಷ್ಟು ವರ್ಷ ಉಳಿಯುತ್ತದೆ. ವರ್ಕ್‌ಶಾಪ್‌ಗಳಲ್ಲಿ ಒಂದು ಎಂಜಿನ್ನಿನ ಟೆಂಡರ್ ಇನ್ನೊಂದಕ್ಕೆ ಜೋಡಿಸುವುದು ಮಾಮೂಲಿಯಾಗಿತ್ತು, ಹಾಗಾಗಿ ಫಲಕದಲ್ಲಿ ಟೆಂಡರಿನ ವಿವರವನ್ನೂ ಬೇರೆಯಾಗಿ ಬರೆಸಬೇಕು.

ನಿಮ್ಮ ಫೋಟೋಗ್ರಾಫರ್‌ಗೂ ಒಂದು ಮಾತು ಹೇಳಿ, ಮುಂದಿನ ಸಲ ಹತ್ತು ಹೆಜ್ಜೆ ಹಿಂದೆ ಸರಿದು ಕ್ಲಿಕ್ ಮಾಡಲಿ.

ಇಂತಿ,
ನಿಮ್ಮ ಓದುಗ, ಅರಸೀಕೆರೆ