ಕಿಂಗ್ ಕೌಂಟಿಗೆ ಹೊಸ ಬಾವುಟ ಬೇಕು: ಕೌನ್ಸಿಲ್ ಸದಸ್ಯರಿಗೊಂದು ಬಹಿರಂಗ ಪತ್ರ

ಕಿಂಗ್ ಕೌಂಟಿ ಕೌನ್ಸಿಲಿನ ಮಾನ್ಯ ಸದಸ್ಯರೇ,

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಿಯಾಟಲ್ ನಗರವಿರುವ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಲೋಗೋದಲ್ಲಿರುವುದು ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರ ಮುಖ. ಅದನ್ನು ತೆಗೆಯಿರಿ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಬಸ್ಸುಗಳ ಮೇಲೆ, ತೆರಿಗೆ ನೋಟಿಸಿನ ತಲೆಯಲ್ಲಿ ಅದು ಈಗಿರುವಂತೆಯೇ ಇರಲಿ. ಆ ಲೋಗೋವನ್ನೇ ಬಟ್ಟೆಗೆ ಅಚ್ಚೊತ್ತಿ ಬಾವುಟ ಎಂದುಬಿಟ್ಟಿದ್ದೀರಲ್ಲ, ನನ್ನ ತಕರಾರು ಅಷ್ಟೇ.

ಆ ಮುಖ ಅಲ್ಲಿಗೆ ಸುಲಭವಾಗಿ ಬಂದದ್ದಲ್ಲ. 1852ರಲ್ಲಿ, ಆಗ ಈ ನೆಲ ಸೇರಿದ್ದ ಒರೆಗಾನ್ ಪ್ರಾಂತ್ಯದ ಶಾಸನಸಭೆ ಈ ಕೌಂಟಿಗೆ ಇಟ್ಟದ್ದು ಆಗಷ್ಟೇ ಅಮೆರಿಕದ ಉಪಾಧ್ಯಕ್ಷರಾಗಿ ಚುನಾಯಿತರಾಗಿದ್ದ ವಿಲಿಯಂ ರೂಫಸ್ ಕಿಂಗ್ ಅವರ ಹೆಸರನ್ನು. ಅವರು ಅಲಬಾಮಾದ ಜಮೀನ್ದಾರರು, ಗುಲಾಮರನ್ನು ದುಡಿಸಿಕೊಂಡವರು. ಈ ಹೆಸರು ಇನ್ನು ಡಾ. ಕಿಂಗ್ ಅವರದಾಗಲಿ ಎಂದು 1986ರಲ್ಲಿ ಸದಸ್ಯರಾದ ರಾನ್ ಸಿಮ್ಸ್ ಮತ್ತು ಬ್ರೂಸ್ ಲೇಂಗ್ ತಂದ ನಿರ್ಣಯ ಇದೇ ಕೌನ್ಸಿಲಿನಲ್ಲಿ ಪರ ಐದು, ವಿರುದ್ಧ ನಾಲ್ಕು ಮತಗಳಿಂದ ಗೆದ್ದಿತು. ಹೆಸರು ಹಾಗೇ ಉಳಿಯಿತು, ಹೆಸರಿನ ಒಡೆಯರು ಬದಲಾದರು. ಕೌಂಟಿಗೆ ಹೆಸರಿಡುವ ಅಧಿಕಾರ ರಾಜ್ಯದ್ದು, ಹಾಗಾಗಿ ಗವರ್ನರ್ ಕ್ರಿಸ್ಟೀನ್ ಗ್ರೆಗ್ವಾರ್ ಅವರ ಸಹಿ ಬಿದ್ದು ಅದು ಕಾನೂನಾಗುವಾಗ 2005 ಬಂದಿತ್ತು. ಅಷ್ಟೂ ವರ್ಷ ಲಾಂಛನದಲ್ಲಿ ಮೆರೆದದ್ದು ಒಂದು ಕಿರೀಟ! ಇಬ್ಬರು ಕಿಂಗ್‌ಗಳಲ್ಲಿ ಯಾರ ತಲೆಗೂ ಅದು ಹೊಂದುತ್ತಿರಲಿಲ್ಲ. ಅದನ್ನು ಬದಲಿಸಲು 2006ರಲ್ಲಿ ಕೌನ್ಸಿಲ್ ತೀರ್ಮಾನಿಸಿತು. 2007ರ ಮಾರ್ಚಿನಲ್ಲಿ ಗೇಬಲ್ ಡಿಸೈನ್ ಗ್ರೂಪ್ ರೂಪಿಸಿದ ಈಗಿನ ಮುಖಚಿತ್ರ ಬಂತು, ಅದೇ ಬಾವುಟಕ್ಕೂ ಏರಿತು.

ಲೋಗೋ ಆಗಿ ಆ ಚಿತ್ರದಲ್ಲಿ ಕುಂದಿಲ್ಲ. ಆದರೆ ಕಾಗದ ನಿಂತಲ್ಲಿ ನಿಲ್ಲುತ್ತದೆ, ಬಟ್ಟೆ ನಿಲ್ಲುವುದಿಲ್ಲ. ನಮ್ಮ ಜಿಟಿಜಿಟಿ ಮಳೆಯಲ್ಲಿ ನೆನೆದು ಕಂಬಕ್ಕೆ ಅಂಟಿಕೊಂಡರೆ ಕಾಣುವುದು ಅರ್ಧ ಹಣೆ, ಒಂದು ಕಿವಿ. ಅಂಥ ದೊಡ್ಡವರ ಮುಖಕ್ಕೆ ಇದು ಗೌರವವೇ? ರಸ್ತೆಯ ಆಚೆ ಬದಿಯಿಂದಂತೂ ಅಕ್ಷರಗಳು ಓದಲಿಕ್ಕೇ ಆಗುವುದಿಲ್ಲ.

ನಾನು ಕರ್ನಾಟಕದಿಂದ ಬಂದವನು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ನಮ್ಮ ಬಾವುಟದಲ್ಲಿ ಮುಖವಿಲ್ಲ, ಅಕ್ಷರವಿಲ್ಲ. ಮೇಲೆ ಹಳದಿ, ಕೆಳಗೆ ಕೆಂಪು, ಅರಿಶಿನ ಕುಂಕುಮದ ಬಣ್ಣ, ಮುಗಿಯಿತು. ಮಗುವಿನ ಕೈಗೆ ಎರಡು ಕ್ರೇಯಾನ್ ಕೊಟ್ಟರೆ ಬರೆದುಬಿಡುತ್ತದೆ. 2018ರಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಅದರಲ್ಲಿ ರಾಜ್ಯ ಲಾಂಛನ ಸೇರಿಸಿ ಹೊಸದೊಂದನ್ನು ಮುಂದಿಟ್ಟಿತು. ಆದರೂ ನವೆಂಬರ್ ಬಂತೆಂದರೆ ಆಟೋ ಮೇಲೆ, ಅಂಗಡಿ ಮುಂದೆ ಹಾರುವುದು ಆ ಹಳೆಯ ಎರಡು ಬಣ್ಣವೇ. ಸಿಯಾಟಲ್ ಸುತ್ತಿನ ಕನ್ನಡಿಗರ ರಾಜ್ಯೋತ್ಸವದಲ್ಲೂ ಅದೇ. ಕಿಂಗ್ ಕೌಂಟಿಯ ಬಾವುಟವನ್ನು ಮನೆ ಮುಂದೆ ಕಟ್ಟಿಕೊಂಡವರನ್ನು ನಾನಂತೂ ನೋಡಿಲ್ಲ.

ಆದ್ದರಿಂದ ಸಾರ್ವಜನಿಕರಿಂದ ವಿನ್ಯಾಸಗಳನ್ನು ಆಹ್ವಾನಿಸಿ. ಹಿಂದಿನ ಸಲ ಚಿತ್ರ ಆರಿಸಿದ ಸಮಿತಿಯಲ್ಲಿ ಇದ್ದವರು ಕೌಂಟಿಯ ಆಡಳಿತ ಮುಖ್ಯಸ್ಥರಾದ ಎಕ್ಸಿಕ್ಯುಟಿವ್, ಕೌನ್ಸಿಲ್ ಅಧ್ಯಕ್ಷರು, ಪ್ರಾಸಿಕ್ಯೂಟರ್, ಶೆರಿಫ್ ಮತ್ತು ಇಬ್ಬರು ನ್ಯಾಯಾಧೀಶರು. ಈ ಸಲ ಶಾಲಾ ಮಕ್ಕಳಿಗೂ ಜಾಗವಿರಲಿ. 1852ಕ್ಕೂ ಮೊದಲೇ ಈ ನೆಲದಲ್ಲಿದ್ದ ಡುವಾಮಿಷ್, ಮಕಲ್‌ಶೂಟ್, ಸ್ನೋಕ್ವಾಲ್ಮಿ ಜನರಿಗೂ ಇರಲಿ. ಡಾ. ಕಿಂಗ್ ಅವರ ನೆನಪು ಹೊಸ ಬಾವುಟದಲ್ಲಿ ಯಾವ ರೂಪದಲ್ಲಿ ಇರಬೇಕೆಂಬುದನ್ನು ಸ್ಪರ್ಧೆಯ ಮೊದಲ ಷರತ್ತಾಗಿಯೇ ಇಡಿ.

ಇಂತಿ,
ಬೆಲ್‌ವ್ಯೂನ ಒಬ್ಬ ತೆರಿಗೆದಾರ