ಅಮ್ಮನ ಅಡುಗೆಮನೆಗೆ ಆಗುವ ಡೋನಟ್

ಕ್ವಿನ್ಸಿ, ಮಸಾಚುಸೆಟ್ಸ್
ಫೆಬ್ರವರಿ, ಆದಿತ್ಯವಾರ ಮಧ್ಯಾಹ್ನ

ಅಮ್ಮಾ,

ಫೋನಿನಲ್ಲಿ ಮೂರು ಸಲ ಹೇಳ್ಲಿಕ್ಕೆ ಹೊರಟೆ, ಮೂರು ಸಲವೂ ಮೈದಾ ಎಷ್ಟು ಅನ್ನುವಾಗಲೇ ನೆಟ್‌ವರ್ಕ್ ಹೋಯ್ತು, ಕಡೆಗೆ ನೀನೇ ಬರೆದು ಕಳಿಸು ಮಾರಾಯ್ತಿ, ಪ್ರಿಂಟ್ ತೆಗೆಸಿ ನನ್ನ ಅಡುಗೆ ಪುಸ್ತಕದಲ್ಲಿ ಇಟ್ಕೊಳ್ತೇನೆ ಅಂದಿದ್ದೀಯಲ್ಲಾ, ಹಾಗೆ ಕೂತು ಬರೀತಾ ಇದ್ದೇನೆ. ಹೊರಗೆ ನಿನ್ನೆ ರಾತ್ರಿಯಿಂದ ಹಿಮ ಬೀಳ್ತಾ ಉಂಟು, ಇವರು ಕಾರಿನ ಮೇಲಿಂದ ಹಿಮ ಕೆರೆದು ಕೆರೆದು ಸುಸ್ತಾಗಿ ಈಗ ಮಲಗಿದ್ದಾರೆ, ಮಗಳು ಬಣ್ಣ ಹಚ್ಚುತ್ತಾ ಕೂತಿದ್ದಾಳೆ, ಮನೆಯಿಡೀ ಚಾಕಲೇಟ್ ಪರಿಮಳ.

ತಮ್ಮ ಆಫರಿನಲ್ಲಿ ಉಂಟು ಅಂತ ತಂದ ಆ ಓವನ್ ಎರಡು ವರ್ಷದಿಂದ ಟವೆಲ್ ಹೊದ್ಕೊಂಡು ಕೂತಿದೆ, ಅದರ ಮೇಲೆ ನಿನ್ನ ಮಿಡಿ ಉಪ್ಪಿನಕಾಯಿಯ ಭರಣಿ, ಪಂಚಾಂಗ, ಕರೆಂಟ್ ಬಿಲ್ಲು. ಪುಟ್ಟ ಮೊನ್ನೆ ವಿಡಿಯೋ ಕಾಲಿನಲ್ಲಿ ಅತ್ತೆ ನನ್ನ ಬರ್ತ್‌ಡೇಗೆ ಕೇಕ್ ಬೇಡ ಡೋನಟ್ ಬೇಕು ಅಂದ. ನೀನು ಹಿಂದಿನಿಂದ ಅದರಲ್ಲಿ ಮೊಟ್ಟೆ ಇರ್ತದೆ ಅಂತ ಗೊಣಗಿದ್ದು ನನಗೆ ಸರಿಯಾಗಿ ಕೇಳಿದೆ. ಹಾಗಾಗಿ ಇದು ಮೊಟ್ಟೆ ಇಲ್ಲದ್ದು. ನಿನ್ನ ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಬರಬಹುದಾದ ಡೋನಟ್ ಮಾಡ್ಬೇಕು ಅಂತಲೇ ಇಷ್ಟು ದಿನ ತಲೆ ಕೆಡಿಸ್ಕೊಂಡದ್ದು, ಇಲ್ಲದಿದ್ರೆ ಇಲ್ಲಿ ಡೋನಟ್‌ಗೆ ಎಂತ ಬರ. ಡಂಕಿನ್ ಅಂತ ನಾನು ಹೇಳ್ತಾ ಇರ್ತೇನಲ್ಲಾ, ಆ ಅಂಗಡಿ ಹುಟ್ಟಿದ್ದೇ ನಮ್ಮ ಈ ಊರಿನಲ್ಲಿ, 1948ರಲ್ಲಿ ಬೇರೆ ಹೆಸರಲ್ಲಿ ಸುರುವಾಗಿ 1950ರಲ್ಲಿ ಡಂಕಿನ್ ಡೋನಟ್ಸ್ ಅಂತ ಬೋರ್ಡ್ ಹಾಕಿದ್ರಂತೆ. ಈಗ ಹೆಸರಿನಿಂದ ಡೋನಟ್ ತೆಗೆದು ಬರೀ ಡಂಕಿನ್ ಮಾಡಿದ್ದಾರೆ, ಆದ್ರೂ ಬೆಳಿಗ್ಗೆ ಜನ ಸಾಲು ನಿಲ್ಲುದು ಕಮ್ಮಿ ಆಗ್ಲಿಲ್ಲ.

ಅಂದ ಹಾಗೆ ಈ ಊರಿನ ಸ್ಮಶಾನದಲ್ಲಿ ಡೋನಟ್‌ಗೆ ತೂತು ಮಾಡಿದವನ ಸಮಾಧಿಯೂ ಉಂಟು, ನಗಬೇಡ, ನಿಜ. ಹ್ಯಾನ್ಸನ್ ಗ್ರೆಗರಿ ಅಂತ ಹಡಗಿನ ಕ್ಯಾಪ್ಟನ್. 1847ರಲ್ಲಿ, ಇನ್ನೂ ಹದಿನಾರು ವರ್ಷದ ಹುಡುಗ, ಹಡಗಿನಲ್ಲಿ ಕರಿದ ಹಿಟ್ಟಿನುಂಡೆ ಅಂಚಿನಲ್ಲಿ ಬೆಂದು ನಡುವೆ ಹಸಿ ಹಸಿ ಉಳೀತಿತ್ತಂತೆ, ಕಾಳುಮೆಣಸಿನ ಡಬ್ಬಿಯ ಮುಚ್ಚಳದಿಂದ ನಡುವಿನ ಭಾಗ ಕತ್ತರಿಸಿ ತೆಗೆದ್ನಂತೆ. ಮುದುಕನಾದ ಮೇಲೆ ಇಲ್ಲಿಯ ನಾವಿಕರ ಆಶ್ರಮದಲ್ಲಿದ್ದಾಗ ಪೇಪರಿನವರಿಗೆ ಅವನೇ ಹೇಳಿದ ಕತೆ ಇದು. ನಾನು ಇದನ್ನು ಇವರಿಗೆ ಓದಿ ಹೇಳಿದ್ರೆ ಇವರು ಕೇಳಿದ್ದು ಒಂದೇ ಮಾತು, ಹಾಗಾದ್ರೆ ಉದ್ದಿನ ವಡೆಗೆ ತೂತು ಮಾಡಿದ ಪುಣ್ಯಾತ್ಮನ ಸಮಾಧಿ ಎಲ್ಲುಂಟು? ನಮ್ಮಲ್ಲಿ ಅಂಥ ಲೆಕ್ಕ ಯಾರು ಇಟ್ಟಿದ್ದಾರೆ. ಬಾಳೆ ಎಲೆಯ ಮೇಲೆ ತಟ್ಟಿ ಹೆಬ್ಬೆರಳಿನಲ್ಲಿ ಚುಚ್ಚಿ ಎಣ್ಣೆಗೆ ಬಿಟ್ರೆ ಮುಗೀತು, ಕಾರಣ ಅದೇ, ನಡು ಬೇಯ್ಬೇಕು.

ಆದ್ರೆ ನಾನು ಮಾಡಿದ್ದು ಎಣ್ಣೆಯಲ್ಲಿ ಕರಿಯುದಲ್ಲ. ಕರಿಯುವ ಡೋನಟ್‌ಗೆ ಹೆಚ್ಚಾಗಿ ಈಸ್ಟ್ ಹಾಕಿ ಹಿಟ್ಟು ಉಬ್ಬಿಸಿ ಕಾಯ್ಬೇಕು, ಅಷ್ಟು ಪುರುಸೊತ್ತು ಯಾರಿಗುಂಟು. ಇದು ಬ್ರೌನಿಯ ಹಿಟ್ಟು, ಡೋನಟ್‌ನ ರೂಪ. ಬ್ರೌನಿ ಅಂದ್ರೆ ಕೇಕಿನ ಹಾಗೆ ಉಬ್ಬದೆ ಒತ್ತೊತ್ತಾಗಿ, ಒಳಗೆ ಚೂರು ಒದ್ದೆ ಒದ್ದೆ, ಹಲ್ಲಿಗೆ ಅಂಟುವ ಹಾಗೆ ಇರುದು, ನೀನು ಬೆಂಗಳೂರಿನ ಮದುವೆಯಲ್ಲಿ ತಿಂದು ಇದು ಸರಿ ಬೇಯ್ಲೇ ಇಲ್ಲ ಅಂತ ಪಕ್ಕಕ್ಕಿಟ್ಟದ್ದು ನೆನಪುಂಟಾ, ಅದೇ.

ಮೊದಲ ಸಲ ಎಂತ ಆಯ್ತು ಅಂದ್ರೆ, ಹೇಳ್ಲಿಕ್ಕೇ ನಾಚಿಕೆ. ಊರಿನ ಲೆಕ್ಕದಲ್ಲಿ 180 ಡಿಗ್ರಿ ಅಂತ ಬರ್ಕೊಂಡಿದ್ದೆ, ಇಲ್ಲಿಯ ಓವನಿಗೂ 180 ಅಂತ ಒತ್ತಿದೆ. ಇಲ್ಲಿಯದ್ದು ಫ್ಯಾರನ್‌ಹೀಟ್! ಅಂದ್ರೆ ನಮ್ಮ 82 ಡಿಗ್ರಿ, ಅದರಲ್ಲಿ ಹಪ್ಪಳ ಒಣಗಿಸಬಹುದು ಅಷ್ಟೆ. ಇಪ್ಪತ್ತು ನಿಮಿಷ ಬಿಟ್ಟು ನೋಡಿದ್ರೆ ಹಿಟ್ಟು ಇಟ್ಟ ಹಾಗೇ ಕೂತಿತ್ತು, ಬೆಚ್ಚಗೆ. ಎಂಟು ವರ್ಷ ಈ ದೇಶದಲ್ಲಿದ್ದು ಈ ತಪ್ಪು. ಮತ್ತೆ 350ಕ್ಕೆ ಏರಿಸಿ ಬೇಯಿಸಿದ್ದು ರಬ್ಬರ್ ಆಯ್ತು, ಇವರು ಗಾಡಿಯ ಟಯರ್ ಅಂದ್ರು, ಅದಕ್ಕೆ ತೂತು ಬೇರೆ ಉಂಟಲ್ಲಾ.

ಎರಡನೇ ಸಲ ಮೊಟ್ಟೆಯ ಬದಲಿಗೆ ಬಾಳೆಹಣ್ಣು ಹಾಕಿದೆ, ಎಲ್ಲರೂ ಹಾಗೇ ಹೇಳುದು. ರುಚಿ ಒಳ್ಳೆದೇ ಇತ್ತು, ಆದ್ರೆ ಕಣ್ಣು ಮುಚ್ಚಿ ತಿಂದ್ರೆ ನಮ್ಮ ಬನ್ಸ್! ಚಾಕಲೇಟ್ ಬನ್ಸ್. ನೀನು ಸಂಜೆ ಚಾಯಕ್ಕೆ ಮಾಡುವ ಬನ್ಸ್ ನೆನಪಾಗಿ ನಾಲ್ಕು ತಿಂದೆ, ಆದ್ರೆ ಡೋನಟ್ ಅಂತ ಪುಟ್ಟನಿಗೆ ಕೊಟ್ರೆ ಅವನು ಬಿಡ್ತಾನಾ. ಆಗ ತಲೆಗೆ ಹೊಳೆದದ್ದು, ಬನ್ಸಿಗೆ ಬಾಳೆಹಣ್ಣಿನ ಜೊತೆ ನೀನು ಹುಳಿ ಮೊಸರು, ಚಿಟಿಕೆ ಸೋಡಾ ಹಾಕ್ತೀಯಲ್ಲಾ, ಬಾಳೆಹಣ್ಣು ಬಿಟ್ಟು ಅದೆರಡನ್ನೇ ಇಟ್ಕೊಂಡ್ರೆ? ಮೊಸರಿನ ಹುಳಿಗೆ ಸೋಡಾ ಬಿದ್ದ ಕೂಡ್ಲೇ ಗುಳ್ಳೆ ಏಳ್ತದೆ, ಹಿಟ್ಟು ಹಗುರ ಆಗ್ತದೆ, ಮೊಟ್ಟೆಯ ಹಂಗೇ ಇಲ್ಲ. ಮೂರನೇ ಸಲ ಹಾಗೆ ಮಾಡಿದ್ದು, ಆದ್ರೆ ಆಸೆಗೆ ಸೋಡಾ ಜಾಸ್ತಿ ಹಾಕಿ, ಅಚ್ಚಿನ ತುಂಬ ಹಿಟ್ಟು ಸುರಿದು, ಉಬ್ಬಿ ತೂತೆಲ್ಲಾ ಮುಚ್ಚಿ ಹೋಯ್ತು, ಬಾಯಲ್ಲಿ ಸಾಬೂನಿನ ಹಾಗೆ ಒಂದು ರುಚಿ. ನಾಲ್ಕನೇದು, ಈಗ ಮೇಜಿನ ಮೇಲೆ ಉಂಟಲ್ಲಾ, ಅದು ಸರಿ ಬಂದದ್ದು. ಅದರ ಲೆಕ್ಕ ಬರೀತೇನೆ, ಸರಿ ನೋಡ್ಕೊ.

ಮೈದಾ ಮುಕ್ಕಾಲು ಕಪ್ಪು, ತೂಕದಲ್ಲಿ 90 ಗ್ರಾಂ. ಕೊಕ್ಕೋ ಪೌಡರ್ ಕಾಲು ಕಪ್ಪು, 25 ಗ್ರಾಂ. ಸಕ್ಕರೆ ಅರ್ಧ ಕಪ್ಪು. ಬೆಣ್ಣೆ 50 ಗ್ರಾಂ, ಅಮುಲ್‌ನ ಸಣ್ಣ ಪ್ಯಾಕೆಟಿನಲ್ಲಿ ಅರ್ಧ, ಅದರಲ್ಲಿ ಉಪ್ಪು ಇರ್ತದೆ ಹಾಗಾಗಿ ಬೇರೆ ಉಪ್ಪು ಬೇಡ, ಮನೆಯ ಬೆಣ್ಣೆ ಆದ್ರೆ ಚಿಟಿಕೆ ಹಾಕು. ಕಪ್ಪು ಚಾಕಲೇಟ್ 60 ಗ್ರಾಂ, ಹಾಲಿನ ಚಾಕಲೇಟ್ ಅಲ್ಲ. ಗಟ್ಟಿ ಮೊಸರು ಅರ್ಧ ಕಪ್ಪಿಗೆ ಚೂರು ಕಮ್ಮಿ, ಹುಳಿ ಆದಷ್ಟು ಒಳ್ಳೆದು. ಸೋಡಾ ಕಾಲು ಟೀ ಚಮಚ ಮಾತ್ರ, ಮೇಲೆ ಒಂದು ಹರಳೂ ಬೇಡ. ಮತ್ತೆ ಕಾಫಿ ಡಿಕಾಕ್ಷನ್ ಎರಡು ದೊಡ್ಡ ಚಮಚ, ಗಟ್ಟಿದು. ಕಾಫಿ ಯಾಕೆ ಅಂತ ಕೇಳ್ತಿ ನೀನು, ಕಾಫಿಯ ರುಚಿ ಗೊತ್ತೇ ಆಗುದಿಲ್ಲ, ಚಾಕಲೇಟ್ ಇನ್ನೂ ಚಾಕಲೇಟ್ ಆಗ್ತದೆ ಅಷ್ಟೆ, ಪಾಯಸಕ್ಕೆ ನೀನು ಒಂದು ಕಲ್ಲು ಉಪ್ಪು ಹಾಕಿದ ಹಾಗೆ. ನೀನು ಕಳಿಸಿದ ಪುಡಿಯದ್ದೇ ಡಿಕಾಕ್ಷನ್.

ಒಂದು ಪಾತ್ರೆಯಲ್ಲಿ ನೀರು ಕುದಿಸಿ ಅದರ ಮೇಲೆ ಇನ್ನೊಂದು ಪಾತ್ರೆ ಕೂರಿಸಿ ಚಾಕಲೇಟ್ ಬೆಣ್ಣೆ ಕರಗಿಸು, ಒಳಗೆ ಒಂದು ಹನಿ ನೀರು ಬಿದ್ರೂ ಚಾಕಲೇಟ್ ಗಂಟು ಗಂಟಾಗಿ ಹಿಡ್ಕೊಳ್ತದೆ, ಪಾತ್ರೆ ಒರೆಸಿಯೇ ಇಡು. ಕೆಳಗಿಳಿಸಿ ಸಕ್ಕರೆ ಹಾಕಿ ತಿರುಗಿಸು, ಬೆರಳಿಗೆ ತಡೆಯುವಷ್ಟು ಆರಿದ ಮೇಲೆ ಮೊಸರು, ಡಿಕಾಕ್ಷನ್. ಮೈದಾ, ಕೊಕ್ಕೋ ಪೌಡರ್, ಸೋಡಾ ಮೂರನ್ನೂ ಜರಡಿ ಹಿಡಿದು ಹಾಕು. ಇನ್ನು ಮುಖ್ಯ ಮಾತು, ಬನ್ಸಿನ ಹಿಟ್ಟಿನ ಹಾಗೆ ನಾದ್ಲಿಕ್ಕೆ ಹೋಗ್ಬೇಡ, ನಿನ್ನ ಕೈ ಸುಮ್ನೆ ಇರುದಿಲ್ಲ ಅಂತ ನನಗೆ ಗೊತ್ತುಂಟು. ಬಿಳಿ ಹಿಟ್ಟು ಕಾಣದ ಹಾಗೆ ಆದ ಕೂಡ್ಲೇ ನಿಲ್ಲಿಸು, ಜಾಸ್ತಿ ತಿರುಗಿಸಿದ್ರೆ ಮತ್ತೆ ಇವರ ಟಯರೇ.

ಅಚ್ಚಿಗೆ ತುಪ್ಪ ಸವರಿ ಅದರ ಮೇಲೆ ಕೊಕ್ಕೋ ಪೌಡರ್ ಉದುರಿಸು, ಮೈದಾ ಉದುರಿಸಿದ್ರೆ ಬೆಂದ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಬಿಳಿ ಕಾಣ್ತದೆ. ತೊಳೆದು ಒರೆಸಿದ ಹಾಲಿನ ಪ್ಯಾಕೆಟಿನಲ್ಲಿ ಹಿಟ್ಟು ತುಂಬಿಸಿ ಮೂಲೆ ಕತ್ತರಿಸಿ ಜಿಲೇಬಿ ಬಿಟ್ಟ ಹಾಗೆ ಸುತ್ತ ಬಿಡು, ಮುಕ್ಕಾಲು ಭಾಗ ಮಾತ್ರ. ಎಂಟು ಆಗ್ತದೆ, ಆರು ಒಂದು ಸಲ, ಉಳಿದ ಎರಡು ಆಮೇಲೆ. ನಿಮ್ಮ ಓವನ್ ಸಣ್ಣದು, ಕಂಬಿ ಹತ್ತಿರ ಇರ್ತದೆ, ಹಾಗಾಗಿ 170ಕ್ಕೆ ಇಡು, ಹತ್ತು ನಿಮಿಷ ಮೊದಲೇ ಖಾಲಿ ಬಿಸಿ ಮಾಡಿರ್ಬೇಕು. ಹನ್ನೆರಡು ನಿಮಿಷಕ್ಕೆ ನೋಡು. ಹೊಸ ಹಿಡಿಸೂಡಿಯ ಕಡ್ಡಿ ತೊಳೆದು ಚುಚ್ಚಿದ್ರೆ ಹಸಿ ಹಿಟ್ಟು ಬರ್ಬಾರದು, ಆದ್ರೆ ಕಡುಬಿನ ಹಾಗೆ ಕಡ್ಡಿ ನುಣ್ಣಗೆ ಬರುವವರೆಗೂ ಕಾಯ್ಬಾರದು, ಎರಡು ಮೂರು ಒದ್ದೆ ಹುಡಿ ಅಂಟಿರ್ಬೇಕು, ಆಗ ತೆಗಿ. ನಿನಗೆ ಬೇಯ್ಲಿಲ್ಲ ಅಂತ ಕಾಣ್ತದೆ, ಕಂಡ್ರೂ ತೆಗಿ. ಐದು ನಿಮಿಷ ಅಚ್ಚಿನಲ್ಲೇ ಬಿಟ್ಟು ಮತ್ತೆ ಕವುಚಿ ಹಾಕು, ಬಿಸಿಯಲ್ಲಿ ಎಳೆದ್ರೆ ತುಂಡಾಗ್ತದೆ. ಮೇಲೆ ಸವರ್ಲಿಕ್ಕೆ ಇನ್ನೊಂದು ಚೂರು ಚಾಕಲೇಟಿಗೆ ಎರಡು ಚಮಚ ಬಿಸಿ ಹಾಲು ಹಾಕಿ ಕರಗಿಸಿ ಅದರಲ್ಲಿ ಅದ್ದಿದ್ರೆ ಸಾಕು, ಬಣ್ಣದ ಕಾಳು ಗೀಳು ಪುಟ್ಟನಿಗೆ ಬಿಟ್ಟದ್ದು.

ಇನ್ನು ಅಪ್ಪನ ವಿಷಯ. ಮೂವತ್ತು ವರ್ಷ ಅಡಿಕೆ ಮರದ ನೆರಳಿನಲ್ಲಿ ಕೊಕ್ಕೋ ಬೆಳೆಸಿ ಹಸಿ ಬೀಜ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊಗೆ ಹಾಕಿ ಬಂದ ಮನುಷ್ಯ, ಚಾಕಲೇಟ್ ಮಾತ್ರ ಬಾಯಿಗೆ ಇಡುದಿಲ್ಲ, ಕಹಿ ಸಾಮಾನು ಅಂತಾರೆ. ನಾನು ತಮ್ಮ ಸಣ್ಣವರಿದ್ದಾಗ ಹಣ್ಣು ಕೊಕ್ಕೋ ಒಡೆದು ಆ ಬಿಳಿ ತಿರುಳು ಚೀಪಿ ಬೀಜ ಉಗುಳ್ತಾ ಕೂತ್ರೆ, ಅಳಿಲು ತಿಂದದ್ದು ಸಾಲದಾ ನೀವು ಬೇರೆಯಾ, ತೂಕ ಹೋಗ್ತದೆ ಅಂತ ಬೈತಿದ್ರು. ಪುತ್ತೂರಿನ ಕ್ಯಾಂಪ್ಕೊ ಚಾಕಲೇಟ್ ಫ್ಯಾಕ್ಟರಿ 1986ರಲ್ಲಿ ಸುರುವಾದದ್ದು, ಅದಕ್ಕಿಂತ ಮೊದಲು ಕೊಕ್ಕೋ ತಗೊಳ್ಳುವವರೇ ಇಲ್ಲದೆ ಬೆಳೆದವರು ಕಂಗಾಲಾದ ಕತೆ ಅವರೇ ಹೇಳುದು. 2024ರಲ್ಲಿ ಆಫ್ರಿಕದ ಕಡೆ ಬೆಳೆ ಹೋಗಿ ರೇಟು ಟನ್ನಿಗೆ 12 ಸಾವಿರ ಡಾಲರ್ ದಾಟಿದಾಗ ಇಲ್ಲಿ ಚಾಕಲೇಟಿನ ಬೆಲೆ ಏರಿ ನಾನು ಗೊಣಗ್ತಿದ್ರೆ, ಅಲ್ಲಿ ಅಪ್ಪ ಅದರ ಹಿಂದಿನ ವರ್ಷವೇ ಕೆಳಗಿನ ತೋಟದ ಕೊಕ್ಕೋ ಕಡಿಸಿದ್ದಕ್ಕೆ ಒಂದು ವಾರ ಸರಿ ಊಟ ಮಾಡ್ಲಿಲ್ಲ ಅಂತ ನೀನು ಹೇಳಿದ್ದಿ.

ಅಪ್ಪನಿಗೆ ಇದನ್ನು ಓದಿ ಹೇಳು. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ನೆಪಾನ್ಸೆಟ್ ಅಂತ ಹೊಳೆ ಉಂಟು, ಅದರ ದಡದಲ್ಲಿ 1765ರ ಹೊತ್ತಿಗೇ ನೀರಿನ ಚಕ್ರದಿಂದ ಕಲ್ಲು ತಿರುಗಿಸಿ ಕೊಕ್ಕೋ ಬೀಜ ಅರೀತಿದ್ರು. ಬೇಕರ್ ಅನ್ನುವ ಮನೆತನದ ಫ್ಯಾಕ್ಟರಿ, ಈಗಲೂ ಇಲ್ಲಿ ಅಂಗಡಿಯಲ್ಲಿ ಬೇಕರ್ಸ್ ಚಾಕಲೇಟ್ ಅಂತ ಸಿಗ್ತದೆ, ನಾನು ಇಷ್ಟು ವರ್ಷ ಅದು ಬೇಕರಿಯವರ ಚಾಕಲೇಟ್ ಅಂತ ತಿಳ್ಕೊಂಡಿದ್ದೆ, ನೋಡಿದ್ರೆ ಮನುಷ್ಯನ ಹೆಸರು. 1960ರ ದಶಕದಲ್ಲಿ ಫ್ಯಾಕ್ಟರಿ ಬೇರೆ ಊರಿಗೆ ಹೋಯ್ತು, ಆ ಕಟ್ಟಡಗಳಲ್ಲಿ ಈಗ ಜನ ಬಾಡಿಗೆಗೆ ಇದ್ದಾರೆ. ಅಪ್ಪ ಬಂದ್ರೆ ಕರ್ಕೊಂಡು ಹೋಗಿ ತೋರಿಸ್ತೇನೆ, ಬೋಸ್ಟನ್ ನೋಡ್ಲಿಕ್ಕೆ ಬರುದಿಲ್ಲ ಅಂದವರು ಇದಕ್ಕಾದ್ರೂ ಬರಬಹುದು.

ಚಾಕಲೇಟ್ ಕ್ಯಾಂಪ್ಕೊದ್ದೇ ತಗೊ, ಡಾರ್ಕ್ ಅಂತ ಕೇಳಿ ತಗೊ. ಕೊಕ್ಕೋ ಪೌಡರ್ ಕೇಳಿದ್ರೆ ಅಂಗಡಿಯ ಹುಡುಗ ವಿನ್ನರ್ ಕೊಟ್ಟಾನು, ಅದು ಹಾಲಿಗೆ ಹಾಕಿ ಕುಡಿಯುದು, ಸಕ್ಕರೆ ಇರ್ತದೆ, ಅದು ಬೇಡ. ಮತ್ತೆ ಮೊದಲ ಡೋನಟ್ ಅಪ್ಪನಿಗೆ ಕೊಡು, ಏನೆಂದು ಹೇಳದೆ ಕೊಡು, ಕಾಫಿಯ ಜೊತೆ. ಕಹಿ ಅಂದ್ರೆ ಮೇಲೆ ಸವರಿದ್ದು ಕೆರೆದು ಕೊಡು. ತಿಂದು ಎಂತ ಹೇಳಿದ್ರು ಅಂತ ನನಗೆ ಸುಳ್ಳು ಸೇರಿಸದೆ ಹೇಳ್ಬೇಕು.

ಇಲ್ಲಿ ಎಂಟರಲ್ಲಿ ಈಗ ನಾಲ್ಕು ಉಳಿದಿದೆ. ಮಗಳು ಎರಡು ತಿಂದ್ಲು, ಕೆಳಗಿನ ಮನೆಯ ಅಜ್ಜಿಗೆ ಎರಡು ಕೊಟ್ಟು ಬಂದ್ಲು, ಆ ಅಜ್ಜಿ ಈ ಊರಿನವರೇ, ಎಪ್ಪತ್ತು ವರ್ಷದಿಂದ ಡೋನಟ್ ತಿಂದವರು, ತಟ್ಟೆ ವಾಪಸ್ ಕೊಡುವಾಗ ಇದಕ್ಕೆ ಮೊಟ್ಟೆ ಹಾಕ್ಲಿಲ್ಲ ಅಲ್ವಾ ಅಂತ ಕೇಳಿದ್ರಂತೆ. ಹೇಗೆ ಗೊತ್ತಾಯ್ತೋ. ಆದ್ರೆ ತಟ್ಟೆ ಖಾಲಿ ಇತ್ತು.

ಏಪ್ರಿಲಿನಲ್ಲಿ ಬರುವಾಗ ಅಚ್ಚು ನಾನೇ ತರ್ತೇನೆ, ಆದ್ರೆ ಪುಟ್ಟನ ಹುಟ್ಟಿದ ದಿನ ಮಾರ್ಚಿನಲ್ಲಲ್ವಾ, ಅಷ್ಟಕ್ಕೆ ತಮ್ಮನ ಹತ್ರ ಆನ್‌ಲೈನಿನಲ್ಲಿ ತರಿಸ್ಲಿಕ್ಕೆ ಹೇಳು, ಆರು ಗುಳಿಯದ್ದು. ತರಿಸುವ ಮೊದಲು ಭರಣಿ, ಪಂಚಾಂಗ ಎಲ್ಲಾ ಕೆಳಗಿಟ್ಟು ಓವನಿನ ಬಾಗಿಲು ತೆಗೆದು ಒಳಗಿನ ಉದ್ದ ಅಗಲ ಟೇಪಿನಲ್ಲಿ ಅಳೆದು ಮೆಸೇಜ್ ಹಾಕು, ಒಳಗಿನದ್ದು, ಹೊರಗಿನದ್ದಲ್ಲ. ಬಾಗಿಲು ಪೂರ್ತಿ ಮುಚ್ಚುತ್ತದಾ ಅಂತಲೂ ನೋಡು, ತಮ್ಮ ಅದರೊಳಗೆ ಚಾರ್ಜರ್ ವಯರ್ ಇಡ್ತಾನೆ ಅಂತ ಪುಟ್ಟ ಹೇಳಿದ.

ನಿನ್ನ
ಮಗಳು